ರಾತ್ರಿ ಪಾಳಿಯ ಬಿಸಿಲು

ನುಗ್ಗೇಹಳ್ಳಿ ಕಡೆಯ ಕ್ರೋಮ್ ಗಣಿ ಇದು.
ಅದಿರು ಎತ್ತುವುದು ನಿಂತು ಎಷ್ಟೋ ವರ್ಷ,
ನೀರು ನಿಂತಿಲ್ಲ.
ಬೀಗದ ಕೈ ನನ್ನ ಹತ್ತಿರ, ಪಂಪೂ ನನ್ನದೇ:
ಹಗಲು ಮೂರು ಗಂಟೆ, ರಾತ್ರಿ ಕರೆಂಟು ಬಂದಾಗ.

ಮೊನ್ನೆ ಒಬ್ಬಳು ಹುಡುಗಿ ಬಂದಿದ್ದಳು,
ಹೆಗಲಲ್ಲಿ ಅಳತೆಪೆಟ್ಟಿಗೆ, ಕಾಲಲ್ಲಿ ಹೊಸ ಬೂಟು.
‘ಚೌರಪ್ಪನವರೇ, ತಳಕ್ಕೆ ಹೋದರೆ
ತಲೆ ಮೇಲೆ ಎಷ್ಟು ಬಂಡೆ?’
ಹನ್ನೆರಡು ಏಣಿ, ಅಂದೆ.
ಮೀಟರಿನಲ್ಲಿ ಬೇಕಂತೆ. ಹೇಳಿದೆ.
ಬರೆದುಕೊಂಡು ತಲೆ ಅಲ್ಲಾಡಿಸಿದಳು:
ಸಾಲದು.

ಸಾಲದು ಅಂತ ನನಗೂ ಗೊತ್ತು ಕಣಮ್ಮ.
ಇಪ್ಪತ್ತರ ಪ್ರಾಯದಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿದ್ದೆ.
ಅಲ್ಲಿ ಆಳದ ಬಂಡೆ ಮುಟ್ಟಿದರೆ
ಜ್ವರ ಬಂದ ಮಗುವಿನ ಹಣೆ.
ಅಷ್ಟು ಕೆಳಗೆ, ಚಿನ್ನ ಬೇಡದ ನಾಲ್ಕು ಮಂದಿ.
ಅವರಿಗೆ ಕಬ್ಬಿಣದ ಕೊಳವೆ ಇಳಿಸಿಕೊಟ್ಟೆವು,
ಸೌದೆ ಒಟ್ಟಿದ ಹಾಗೆ ಒಟ್ಟಿಕೊಂಡರು.
ಏನು ಹಿಡೀತೀರಿ ಸ್ವಾಮಿ?
ಎಲ್ಲವನ್ನೂ ದಾಟಿ ಹೋಗುವಂಥದ್ದನ್ನ, ಅಂದರು.
ದಾಟಿ ಹೋಗುವುದಕ್ಕೆ ಬಂಡೆ ಯಾಕೆ?
ಬಂಡೆ ಅದನ್ನು ತಡೆಯಲಿಕ್ಕಲ್ಲ,
ಮಿಕ್ಕ ಗದ್ದಲ ತಡೆಯಲಿಕ್ಕೆ.
ತಮಟೆ ನಿಂತರೆ ತಾನೇ ಬಳೆಯ ಸದ್ದು?

ಒಂದು ಪಾಳಿ ಪೂರ್ತಿ ಕೂತೆ,
ಈಗ ಗಂಟೆ ಹೊಡೆಯುತ್ತದೆ, ಈಗ ಹೊಡೆಯುತ್ತದೆ ಅಂತ.
ಆರು ವಾರ ಹೊಡೆಯಲಿಲ್ಲ.
ಅವರು ದಿನಾ ಪುಸ್ತಕದಲ್ಲಿ ಬರೆದರು:
‘ಏನೂ ಇಲ್ಲ.’ ಕೆಳಗೆ ರುಜು, ತಾರೀಖು.
ಏನೂ ಇಲ್ಲದ್ದಕ್ಕೆ ಅಂಥ ದುಂಡನೆಯ ಅಕ್ಷರ
ನಾನು ಬೇರೆಲ್ಲೂ ಕಂಡಿಲ್ಲ.

ಹುಡುಗಿ ಟೀ ಕುಡಿಯುತ್ತಾ ಉಗುರು ತೋರಿಸಿದಳು:
ಇಷ್ಟಗಲದಲ್ಲಿ, ಸೆಕೆಂಡಿಗೆ
ಆರು ಸಾವಿರ ಕೋಟಿ, ಸೂರ್ಯನಿಂದ.
ರಾತ್ರಿ?
ರಾತ್ರಿಯೂ ಅಷ್ಟೇ, ಅಂದಳು. ಆಗ ಕೆಳಗಿನಿಂದ.
ಇಡೀ ಭೂಮಿಯನ್ನು ತೂರಿಕೊಂಡು
ಅಂಗಾಲಿನಿಂದ ನೆತ್ತಿಗೆ.

ಲೋಟ ಕೆಳಗಿಟ್ಟೆ.

ಮೂವತ್ತು ವರ್ಷ ರಾತ್ರಿ ಪಾಳಿ.
ಬಿಸಿಲು ಕಾಣದೆ ಗೆದ್ದಲಿನ ಹಾಗೆ ಬಿಳಿಚಿದ್ದೀಯ
ಅನ್ನುತ್ತಿದ್ದಳು ತೆರೇಸಮ್ಮ.
ಕ್ಯಾಪ್ ದೀಪ ಆರಿಸಿ ಬುತ್ತಿ ಉಣ್ಣುವಾಗ,
ಕಟ್ಟಿಗೆ ಒರಗಿ ತೂಕಡಿಸುವಾಗ,
ಸೈಮನ್ ಸಿಕ್ಕಿಬಿದ್ದ ರಾತ್ರಿ
ಹನ್ನೊಂದು ಗಂಟೆ ಕಲ್ಲು ಸರಿಸುವಾಗ,
ಅವನ ಮೈಯೊಳಗೂ
ನಮ್ಮ ಮೈಯೊಳಗೂ.

ಬೇರೆ ಬೆಟ್ಟ ನೋಡುತ್ತೇವೆ ಅಂತ ಹೊರಟಳು.
ನೋಡಮ್ಮ, ಅಂದೆ,
ನಮ್ಮ ಗಣಿಯ ಹೆಸರಿನ ಮುಂದೆ
ಸಾಲದು ಅಂತಲೇ ಬರಿ.
ಅಕ್ಷರ ಮಾತ್ರ ದುಂಡಗಿರಲಿ.

ಈಗ ರಾತ್ರಿ ಕರೆಂಟು ಬಂದರೆ
ಚಪ್ಪಲಿ ಮೆಟ್ಟದೆ ಹೋಗುತ್ತೇನೆ.
ಚಪ್ಪಲಿ ಅದಕ್ಕೆ ಯಾವ ಲೆಕ್ಕ, ಗೊತ್ತು.
ಬರಿಗಾಲಲ್ಲಿ ಸ್ವಿಚ್ಚು ಮುಟ್ಟಬೇಡ,
ಸಾಯ್ತೀಯ ಅಂತ
ತೆರೇಸಮ್ಮ ಒಳಗಿಂದ ಬೈಯುತ್ತಾಳೆ.