ಮಸಿ ಕಡ

ಮಗಳ ಮಗುವಿಗೆ ಇವತ್ತು ತೊಟ್ಟಿಲು.
ಕಣ್ಣೆಸರು ತಾಗದಿರಲೆಂದು ಬೊಟ್ಟಿಡಲು
ತಪ್ಪಲೆಯ ತಳಕ್ಕೆ ಬೆರಳು ಉಜ್ಜಿದೆ.
ಬೆಳ್ಳಗೇ ಬಂತು.

ಮುದ್ದೆಯ ಗಡಿಗೆ, ಹಾಲಿನ ಪಾತ್ರೆ, ಕಾಫಿ ಕಾಸುವ ಚೊಂಬು,
ಒಂದೊಂದನ್ನೂ ಮಗುಚಿ ನೋಡಿದೆ.
ನಾಲ್ಕು ವರ್ಷದಿಂದ ಈ ಮನೆಯಲ್ಲಿ
ಮಸಿಯೇ ಹುಟ್ಟಿಲ್ಲ.

ಹೊಳೆನರಸೀಪುರದ ಗಾರೆ ಜಬ್ಬಾರ್ ಸಾಬರು
ತಿಪ್ಪೆಯ ಪಕ್ಕ ಆಳುದ್ದ ಗುಂಡಿ ತೋಡಿಸಿ,
ಒಳಗೆ ಕೂತು ಇಟ್ಟಿಗೆಗೆ ಇಟ್ಟಿಗೆ ಬಾಗಿಸಿ,
ತಾವೇ ಕಟ್ಟಿದ ಬುರುಡೆಯ ಕಂಡಿಯಿಂದ
ಮೈಯೆಲ್ಲ ಸಿಮೆಂಟಾಗಿ ತೆವಳಿ ಬಂದು
“ಹೆರಿಗೆ ಆಯ್ತು ಕಣವ್ವ,
ಇನ್ನು ಉಣ್ಣಿಸೋದು ನಿಂದು” ಅಂದಿದ್ದರು.

ಉಣ್ಣಿಸುತ್ತಲೇ ಇದ್ದೇನೆ.
ಇವರು ನುಗ್ಗೇಹಳ್ಳಿ ಡೇರಿಗೆ ಹಾಲು ಹಾಕಿ ಬರುವುದರೊಳಗೆ
ಬಾಂಡ್ಲಿ ಸಗಣಿಗೆ ಬಾಂಡ್ಲಿ ನೀರು,
ಮೊಳಕೈ ಮುಳುಗಿಸಿ ಕಲೆಸಿ
ಹುಲ್ಲಿನ ಎಳೆ, ಕಲ್ಲು, ಒಮ್ಮೆ ನನ್ನದೇ ಉಂಗುರ
ಆರಿಸಿ ತೆಗೆದು.
ಕೆಂದಿ, ಮಚ್ಚೆ, ಒದೆಯುವ ಆ ಜರ್ಸಿ,
ಮೂರೂ ಸೇರಿ ಎರಡು ಹೊತ್ತಿನ ಮುದ್ದೆ, ಎರಡು ಸಲ ಕಾಫಿ.
ಧನುರ್ಮಾಸದಲ್ಲಿ ಅದಕ್ಕೂ ಚಳಿ:
ಬರ್ನರಿನ ತೂತುಗಳಲ್ಲಿ
ನೀಲಿ ಹಲ್ಲು ಕಟಕಟ.

ಮಸಿಗೆ ಎಲ್ಲಿಗೆ ಹೋಗಲಿ?
ಓಣಿ ದಾಟಿದರೆ ಪಾಪಮ್ಮನ ಒಲೆ.
ಅವಳಿಗಿರುವುದು ಒಂದು ಮೇಕೆ.
“ಹಿಕ್ಕೆಗೆಲ್ಲ ಗುಂಡಿ ಕೊಡಲ್ಲ, ರಾಸು ಬೇಕು”
ಅಂದಿದ್ದ ಅರ್ಜಿ ಬರೆದುಕೊಂಡ ಹುಡುಗ.
ತೆಂಗಿನ ಮಟ್ಟೆ, ಹಸಿ ಗರಿ, ಊದುಕೊಳವೆ.
ಕಣ್ಣೊರೆಸಿಕೊಳ್ಳುತ್ತ ಗಡಿಗೆ ಬೋರಲು ಹಾಕಿದಳು.

“ಮಸೀನೂ ಕಡ ಕೇಳೋ ಕಾಲ ಬಂತಲ್ಲೇ ತಾಯಿ!
ಬಳ್ಕೊ, ಎಷ್ಟು ಬೇಕೋ ಬಳ್ಕೊ.
ಸಾಲ್ದಿದ್ರೆ ಇಲ್ಲೂ ಒಂದು ಗಡಿಗೆ ಐತೆ”
ಎಂದು ಎದೆ ತಟ್ಟಿ ನಕ್ಕಳು.
ನಗು ಕೆಮ್ಮಾಯಿತು.
ಕೆಮ್ಮು ನಿಲ್ಲುವವರೆಗೂ ನಾನು
ಬೆರಳು ಎತ್ತಿ ಹಿಡಿದು ನಿಂತಿದ್ದೆ.

ತೊಟ್ಟಿಲು ತೂಗಲು ಬಂದವರೆಲ್ಲ
ಮಗುವಿಗಿಂತ ಮೊದಲು ಬೊಟ್ಟು ನೋಡಿದರು,
ಅಷ್ಟು ಕಪ್ಪು.

ಎಲ್ಲ ಹೋದ ಮೇಲೆ
ನಮ್ಮ ಪೈಪು ಗೋಡೆ ಹೊಕ್ಕ ಜಾಗದಿಂದ
ಅವಳ ಒಲೆಯವರೆಗೆ ಹೆಜ್ಜೆಯಿಟ್ಟು ಅಳೆದೆ.
ಇಪ್ಪತ್ತೆರಡು. ನಡುವೆ ಒಂದು ಚರಂಡಿ.
ಟಾರ್ಚು ಹಿಡಿದು ಬಂದ ಇವರು
ಕೇಳದೆಯೇ ಉತ್ತರ ಕೊಟ್ಟರು: “ನಮಗೇ ಸಾಲದು.”

ಸಾಲದು, ನಿಜ.
ಆದರೆ ಕೆಂದಿ ಗಬ್ಬ. ಆಶ್ವೀಜಕ್ಕೆ ಕರು.
ಕರುವಿನ ಸಗಣಿ ಎಷ್ಟಾದೀತು,
ಬೆಳಗಿನ ಒಂದು ಲೋಟ ಕಾಫಿಗೆ?

ಸೋಪಿಗೂ ಹೋಗದ ಅವಳ ಮಸಿ
ಬೆರಳ ತುದಿಯಲ್ಲಿತ್ತು ಇನ್ನೂ.
ಅದರಲ್ಲೇ ಗೋಡೆಗೊಂದು ಗೀಟು ಎಳೆದೆ,
ತೂತು ಕೊರೆಯಬೇಕಾದಲ್ಲಿ.