ಬೋಯಿಕೇರಿ ತಿರುವಿನ ಚಂದ್ರ

ಪಂಚಾಂಗದಲ್ಲಿ ಎಂಟು ನಲವತ್ತೇಳಕ್ಕೆ ಚಂದ್ರೋದಯ.
ಮಡಿಕೇರಿ ಬಸ್ ನಿಲ್ದಾಣದಲ್ಲಿ ಒಂಬತ್ತೂವರೆಗೂ
ಎದುರಿನ ಬೇಕರಿಯ ದೀಪವೇ ಕಾಣದಷ್ಟು ಮಂಜು.

ವಿಚಾರಣೆ ಕಿಂಡಿಯ ಒಳಗೆ ನಾನು;
ಬೆಳಗಿನಿಂದ ಎರಡು ಲೋಟ ಹಾಲು, ಒಂದು ಪುಟ್ಟಬಾಳೆ.
"ಗೋಣಿಕೊಪ್ಪದ ಬಸ್ಸು ಹೋಯ್ತಾ?"
ಹೋಯ್ತು. ಇಲ್ಲ, ಇನ್ನೂ ಇದೆ.
ಹಸಿದ ಬಾಯಿಗೆ ಯಾವ ಊರೂ ನೆನಪಿರುವುದಿಲ್ಲ.

ಡಬ್ಬಿಯಲ್ಲಿ ಬೆಲ್ಲದವಲಕ್ಕಿ, ಎಲೆಯಲ್ಲಿ ಸುತ್ತಿದ ಗರಿಕೆ.
ಕಾಣದೆ ಉಂಡರೆ ಅದು ಸಂಕಷ್ಟಿಯಲ್ಲ, ಬರೀ ತಡವಾದ ಊಟ
ಎನ್ನುತ್ತಿದ್ದರು ದೇವಕಿಯತ್ತೆ,
ಆಷಾಢದಲ್ಲೊಮ್ಮೆ ಬೆಳಗಿನವರೆಗೆ ಕೂತವರು.

ಕುಶಾಲನಗರದ ಕೊನೆಯ ಬಸ್ಸು ಬಂತು, ಗಾಜೆಲ್ಲ ಬೆವರಿ.
ಕಂಡಕ್ಟರ್ ಮೊಯ್ದು ಸಹಿಗೆ ಹಾಳೆ ಚಾಚಿದವ
ನನ್ನ ಮುಖ ನೋಡಿದ, ಮುಚ್ಚಿದ ಡಬ್ಬಿ ನೋಡಿದ.

"ಸುಂಟಿಕೊಪ್ಪದಲ್ಲಿ ಹತ್ತಿದ ಅಕ್ಕ, ಮೇಲ್ಗಡೆ ಚೂರು ಸವೆದಿದ್ದ.
ಹಿಂದಿನ ಗಾಜಿನಲ್ಲೇ ಕೂತು ಬಂದು
ಬೋಯಿಕೇರಿ ತಿರುವಿನಲ್ಲಿ ಟಿಕೆಟ್ಟಿಲ್ಲದೆ ಇಳಿದ.
ನಮ್ಮಲ್ಲಿ ಇಬ್ಬರು ಕಂಡೆವೆಂದರೆ ಊರಿಗೇ ಹಬ್ಬ.
ಡ್ರೈವರನ್ನೂ ಕೇಳಿ."

ಕುಟ್ಟಯ್ಯ ಹೌದೆಂದು ಹಾರನ್ ಒತ್ತಿದ.

ಕಿಂಡಿಯಿಂದ ಕೈ ಹೊರಚಾಚಿ
ಬಾಟಲಿಯ ನೀರನ್ನು ಮಂಜಿಗೇ ಅರ್ಘ್ಯ ಬಿಟ್ಟೆ.
ಅತ್ತೆ ಒಪ್ಪುತ್ತಿದ್ದರೋ ಇಲ್ಲವೋ.

ಅವಲಕ್ಕಿ ಮೂರು ಪಾಲಾಯಿತು.
ತೆಂಗಿನತುರಿ ಸ್ವಲ್ಪ ಹಳಸಿತ್ತು,
ಯಾರೂ ಹೇಳಲಿಲ್ಲ.