ದೋಣಿಯ ಬಾಲ ಹಿಡಿಯುವವನು

ಹಲಗೆಯ ತುದಿಗೆ ಬೋರಲು ಮಲಗಿ
ಎರಡೂ ಕೈ ಚಾಚಿ
ದೋಣಿಯ ಬಾಲ ಹಿಡಿಯುವುದು ನನ್ನ ಕೆಲಸ.
ದೀಪ ಹಸಿರಾದಾಗ ಬಿಟ್ಟುಬಿಡುವುದು.
ಅಷ್ಟೇ. ಇಪ್ಪತ್ತೆರಡು ಬೇಸಿಗೆ.
ಸಂಬಳವಿಲ್ಲ; ಒಂದು ಟೋಪಿ, ಮಧ್ಯಾಹ್ನಕ್ಕೆ ಎರಡು ಕಿಬಿನಾಯ್,
ಒಳಗೆ ಕುರಿಮಾಂಸ, ಬಿಸಿಯಿದ್ದರೆ ಪುಣ್ಯ.

ಹುಟ್ಟು ಹಾಕುವವರು ಹಿಂದುಮುಂದಾಗಿ ಕೂರುತ್ತಾರೆ, ಗೊತ್ತಲ್ಲ,
ಬೆನ್ನು ಗುರಿಯ ಕಡೆಗೆ, ಮುಖ ನನ್ನ ಕಡೆಗೆ.
ಹೀಗಾಗಿ ಈ ಗಾಲ್ವೆ ಸರೋವರದಲ್ಲಿ
ಎಷ್ಟೋ ಜನರ ಭಯವನ್ನು ಎರಡು ಮಾರು ದೂರದಿಂದ ಕಂಡಿದ್ದೇನೆ.
ಒಬ್ಬ ಆಕಳಿಸುತ್ತಾನೆ. ಒಬ್ಬಳು ನೀರಿಗೆ ಉಗುಳುತ್ತಾಳೆ.
ಪದಕ ಗೆದ್ದವರೂ ಒಮ್ಮೊಮ್ಮೆ
ಸಂತೆಯಲ್ಲಿ ತಾಯಿಯನ್ನು ಹುಡುಕುವ ಕಣ್ಣಲ್ಲಿ ನನ್ನನ್ನೇ ನೋಡುತ್ತಾರೆ.

ಔಶ್ರಿನೆ ಮಾತ್ರ ಎಂದೂ ನೋಡಿದವಳಲ್ಲ.
ಮೂರು ವರ್ಷದ ಕೆಳಗೆ, ನಡುಸಾಲಿನಲ್ಲಿ,
ನಾನು ಅವಳ ಪಾಲಿಗೆ ಒಂದು ಗೂಟ.
ಸೊಂಟಕ್ಕಿಳಿದ ಜಡೆ, ಗೊರಸಿನಂತೆ ಜಡ್ಡುಗಟ್ಟಿದ ಅಂಗೈ,
ಹಿಡಿದ ನನ್ನ ಬೆರಳಿಗೇ ಅವಳ ಅವಸರ ತಾಗುತ್ತಿತ್ತು,
ಹಾಲಿನ ಹೊತ್ತಿಗೆ ಕರು ಹಗ್ಗ ಜಗ್ಗಿದ ಹಾಗೆ.

ಇವತ್ತು ನನ್ನದು ಆರನೇ ಸಾಲು, ಜೊಂಡಿನ ಪಕ್ಕದ್ದು,
ಯಾರಿಗೂ ಬೇಡದ್ದು. ಅಲ್ಲಿಗೆ ಬಂದಳು.
ಕೂದಲು ಗುಂಗುರಾಗಿ ಮರಳಿದೆ,
ಬೇರೆ ಯಾರದೋ ತಲೆಯಿಂದ ಕಡ ತಂದಂತೆ.
ಕೊರಳೆಲುಬಿನ ಕೆಳಗೆ ಬೆರಳಗಲದ ಕಲೆ:
ಅಲ್ಲಿಂದಲೇ ಎಂಟು ತಿಂಗಳು ಔಷಧ ಇಳಿದದ್ದು.
ಅವಳ ಕೋಚ್ ಝಿಗ್ಮಾಸ್ ಹೇಳಿದ್ದ,
ಅದರಲ್ಲೊಂದು ಶ್ವಾಸಕೋಶವನ್ನೇ ಸುಡುವಂಥದ್ದಂತೆ.
"ಕೂದಲು ತಗೊಳ್ಳಿ, ಉಗುರು ತಗೊಳ್ಳಿ,
ಉಸಿರು ಮುಟ್ಟಬೇಡಿ," ಅಂದಳಂತೆ ಇವಳು.
ವೈದ್ಯೆ ತುಂಬ ಹೊತ್ತು ಕಿಟಕಿ ನೋಡಿ
ಬೇರೆ ಚೀಟಿ ಬರೆದಳಂತೆ.

ನಾನು ಲೆಂಟ್ವಾರಿಸ್‌ನ ಕಾರ್ಪೆಟ್ ಕಾರ್ಖಾನೆಯಲ್ಲಿ
ಮೂವತ್ತು ವರ್ಷ ಉಣ್ಣೆಯ ಧೂಳು ಕುಡಿದವನು.
ಉಸಿರೆಂದರೇನು ಅಂತ ನನಗೆ ಯಾರೂ ಹೇಳಬೇಕಿಲ್ಲ.

ಇನ್ನೂ ಎರಡು ನಿಮಿಷ.
ಎರಡು ಹಿಡಿಕೆಯನ್ನೂ ಒಂದೇ ಕೈಗೆ ಬದಲಿಸಿ
ಇನ್ನೊಂದು ಅಂಗೈ ಬಿಡಿಸಿ ನೋಡಿಕೊಂಡಳು.
ಮೆತ್ತಗಾಗಿದ್ದ ಚರ್ಮದ ಮೇಲೆ ಹೊಸ ಬೊಕ್ಕೆ, ನಾಲ್ಕೋ ಐದೋ,
ಒಂದು ಒಡೆದು ಕೆಂಪಗೆ.
ಅದನ್ನು ನನ್ನ ಕಡೆಗೆತ್ತಿ ತೋರಿಸಿದಳು,
ಮೊದಲ ಹಲ್ಲು ಬಿದ್ದ ಹುಡುಗಿ
ಬಾಯಿ ತೆರೆದು ಕಿಂಡಿ ತೋರಿಸುವ ಹಾಗೆ.
ನಾನು ಮಾತಾಡಕೂಡದು, ನಿಯಮ.
"ಉರಿಯುತ್ತಾ?" ಎಂದೆ.
"ತುಂಬಾ," ಅಂದಳು. ನಕ್ಕಳು.

ಕೆಂಪು ದೀಪ. ಆರು ದೋಣಿ, ಒಂದೇ ಮೌನ.
ಹಸಿರು.
ಬಿಡಲು ಅರೆಗಳಿಗೆ ತಡವಾಯಿತೇನೋ.
ತೀರ್ಪುಗಾರರು ಬೇಕಾದರೆ ಬರೆದುಕೊಳ್ಳಲಿ,
ಇಪ್ಪತ್ತೆರಡು ಬೇಸಿಗೆಯಲ್ಲಿ ಒಂದು ಸಲ
ಈ ಕೈ ತನ್ನ ಕೆಲಸ ಮರೆಯಿತು.
ಮೊದಲ ಹುಟ್ಟು ನೀರಿನ ಮೇಲೆ ತುಸು ಜಾರಿತು.
ಎರಡನೆಯ ಹುಟ್ಟು ಕಚ್ಚಿ ಹಿಡಿಯಿತು.

ಎರಡು ಸಾವಿರ ಮೀಟರಿನ ಆ ತುದಿಯನ್ನು ನಾನು ಕಂಡಿಲ್ಲ.
ಕೆಂಪಿಟ್ಟಿಗೆಯ ಕೋಟೆಯ ಕಡೆಯಿಂದ ಬರುವ ಗಾಳಿ
ಧ್ವನಿವರ್ಧಕದ ಮಾತನ್ನು ಚಿಂದಿ ಮಾಡಿ ತರುತ್ತದೆ.
"ಐದ..." ಎಂದಂತಾಯಿತು. ಸ್ಥಾನವೋ, ಸಾಲಿನ ಸಂಖ್ಯೆಯೋ.
ಐದಾದರೆ ಮರುಅವಕಾಶದ ಸುತ್ತಿದೆ,
ನಾಳೆ ಒಂಬತ್ತೂವರೆಗೆ.

ತೋಳು ಒರೆಸಿಕೊಂಡು ಮತ್ತೆ ಬೋರಲಾದೆ.
ಮುಂದಿನದು ಗಂಡಸರ ಜೋಡಿದೋಣಿ.
ಅವಳು ಬಿಟ್ಟುಹೋದ ಸುಳಿ
ಇನ್ನೂ ಹಲಗೆಯ ಕೆಳಗೆ ಗುಳುಗುಳು ಎನ್ನುತ್ತಿತ್ತು.